ಬೋಟು ಬಂದ ಮೇಲಿನ ಊಟ

ಹೊಸ ಗುಳಿಗೆ ಶುರುವಾದ ಆರನೆಯ ವಾರ ನನ್ನ ಮಗ ಜೀವಮಾನದಲ್ಲಿ ಮೊದಲ ಸಲ ‘ಬ್ಯಾಡ’ ಎಂದ. ಅವನಿಗಾಗ ಇಪ್ಪತ್ನಾಲ್ಕು ವರ್ಷ. ಅಲ್ಲಿಯವರೆಗೆ ಯಾರು ಏನು ಕೊಟ್ಟರೂ ಕೈಯೊಡ್ಡುತ್ತಿದ್ದ, ಎಲ್ಲಿಗೆ ಕರೆದರೂ ಎದ್ದು ಬರುತ್ತಿದ್ದ. ಆ ದಿನ ಅವನ ಅಬ್ಬಿ, ಅಂದರೆ ನನ್ನ ಹೆಂಡತಿ, ಎರಡನೆಯ ಸೌಟು ಅನ್ನ ಬಡಿಸಲು ಬಂದಾಗ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು ‘ಬ್ಯಾಡ’ ಎಂದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನನಗೆ ಖುಷಿಯಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಆ ದಿನ ನಾನು ಬಲೆ ಶೆಡ್ಡಿಗೆ ಹೋಗಿ ‘ನನ್ ಮಗಂಗ್ ಬುದ್ಧಿ ಬಂತ್ ಕಾಣಿ’ ಎಂದು ಎಲ್ಲರಿಗೂ ಚಾ ತರಿಸಿ ಕುಡಿಸಿದ್ದೆ.

ಅವನು ಹುಟ್ಟುವಾಗ ಅಳಲು ತಡಮಾಡಿದ ಮಗು. ಮೂರು ವರ್ಷ ತುಂಬುವಷ್ಟರಲ್ಲಿ ಫಿಟ್ಸ್ ಬರಲು ಶುರುವಾಯಿತು. ಮಾತು ನಿಧಾನ, ಎಣಿಕೆ ಹತ್ತರವರೆಗೆ, ಅಕ್ಷರ ಹತ್ತಲೇ ಇಲ್ಲ. ಆದರೆ ಗಂಗೊಳ್ಳಿ ಬಂದರಿಗೆ ಬರುವ ಬೋಟುಗಳನ್ನೆಲ್ಲ ಇಂಜಿನ್ನಿನ ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದ. ಹೊಳೆ ಕಡಲು ಸೇರುವ ಅಳಿವೆಯ ಕಡೆ ನಮ್ಮ ಕಣ್ಣಿಗೆ ಇನ್ನೂ ಏನೂ ಬೀಳದಿರುವಾಗ ಮನೆಯ ಮೆಟ್ಟಿಲ ಮೇಲೆ ಕೂತು ‘ಅಪ್ಪಯ್ಯಂದ್’ ಎಂದರೆ ಮುಗಿಯಿತು, ಬರುತ್ತಿರುವುದು ನಾನು ದುಡಿಯುವ ಬೋಟೇ. ನಮ್ಮದು ಪರ್ಸೀನ್ ಬೋಟು. ಮೂವತ್ತು ಜನ ಸೇರಿ ಮೀನಿನ ಹಿಂಡನ್ನು ದೊಡ್ಡ ಬಲೆಯಲ್ಲಿ ಸುತ್ತುಗಟ್ಟಿ ಎಳೆಯುವ ಕೆಲಸ. ಬೆಳಗಿನ ಜಾವ ಹೋದರೆ ಕೆಲವು ದಿನ ಸಂಜೆ ಐದಕ್ಕೆ ವಾಪಸ್ಸು, ಕೆಲವು ದಿನ ಹತ್ತಾದರೂ ಇಲ್ಲ. ಮೀನು ದೂರದಲ್ಲಿ ಸಿಕ್ಕರೆ ಮರುದಿನ ಬೆಳಿಗ್ಗೆಯೇ.

2009ರ ಮಳೆಗಾಲಕ್ಕೆ ಮೊದಲಿನ ನಾಲ್ಕೈದು ತಿಂಗಳು ಅವನ ಫಿಟ್ಸ್ ಜಾಸ್ತಿಯಾಗಿತ್ತು. ತಿಂಗಳಿಗೆ ಮೂರು, ನಾಲ್ಕು. ನನ್ನ ಹತ್ತಿರ ಒಂದು ನೂರು ಪುಟದ ನೋಟುಬುಕ್ಕಿತ್ತು. ತಾರೀಕು, ಹೊತ್ತು, ಎಷ್ಟು ನಿಮಿಷ, ಎಲ್ಲಿ ಬಿದ್ದ, ಆಮೇಲೆ ಎಷ್ಟು ಹೊತ್ತು ಮಲಗಿದ, ಎಲ್ಲ ಬರೆದಿಡುತ್ತಿದ್ದೆ. ನಾನು ಏಳನೇ ಕ್ಲಾಸು ಓದಿದವನು, ಬರೆಯಲು ನನಗೇನೂ ಸೋಮಾರಿತನ ಇಲ್ಲ. ಒಮ್ಮೆ ಬೋಟು ಕಟ್ಟುವ ದಕ್ಕೆಯ ಮೇಲೆ, ಮೀನಿನ ಪೆಟ್ಟಿಗೆಗಳ ನಡುವೆ ಬಿದ್ದು ಗಲ್ಲ ಒಡೆದುಕೊಂಡ. ನಾನು ಅವನನ್ನು ಮಗ್ಗುಲಿಗೆ ತಿರುಗಿಸಿ ತಲೆ ಹಿಡಿದುಕೊಂಡಿದ್ದೆ. ಸುತ್ತ ನಿಂತವರಲ್ಲಿ ಒಬ್ಬ ಬೀಗದಕೈ ಗೊಂಚಲು ಹಿಡಿದು ಬಂದ, ಇನ್ನೊಬ್ಬ ಬಾಯಿಗೆ ಚಮಚ ಹಾಕಬೇಕೆಂದ. ‘ಕಬ್ಣ ಎಂತಕ್ಕ್? ದೂರ ನಿಲ್ಲಿ ಮಾರ್ರೆ, ಗಾಳಿ ಬರ್ಲಿ’ ಎಂದು ಕೂಗಾಡಿದೆ. ನನ್ನ ಸಿಟ್ಟು ಊರಿಗೆಲ್ಲ ಗೊತ್ತಿರುವುದರಿಂದ ದೂರ ನಿಂತರು.

ಬ್ರಹ್ಮಾವರದಲ್ಲಿ ಒಬ್ಬರು ನರರೋಗದ ಡಾಕ್ಟರು ಶನಿವಾರ ಶನಿವಾರ ಬಂದು ಕೂರುತ್ತಿದ್ದರು. ಅವರಿಗೆ ನೋಟುಬುಕ್ಕು ತೋರಿಸಿದೆ. ಮಗ ಆಗ ತೆಗೆದುಕೊಳ್ಳುತ್ತಿದ್ದದ್ದು ಕಾರ್ಬಮಜೆಪಿನ್ ಎಂಬ ಗುಳಿಗೆ, ನಾನೂರು ಮಿಲಿಗ್ರಾಮಿನದ್ದು, ಎರಡು ಹೊತ್ತು. ಡಾಕ್ಟರು ಕೇಳಿದರು, ‘ಗುಳಿಗೆ ತಪ್ಪುವುದುಂಟಾ?’

‘ಇಲ್ಲ ಡಾಕ್ಟ್ರೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಊಟ ಆದ ಮೇಲೆ, ನೀವು ಬರೆದ ಹಾಗೆ.’

ನಾನು ಸುಳ್ಳು ಹೇಳಿರಲಿಲ್ಲ. ನನಗೆ ಗೊತ್ತಿದ್ದದ್ದು ಅಷ್ಟೇ. ಡಾಕ್ಟರು ಹಳೆಯ ಗುಳಿಗೆ ಒಂದರಿಂದಲೇ ಸಾಲುತ್ತಿಲ್ಲವೆಂದು ಅದರ ಜೊತೆಗೆ ಲೆವೆಟಿರಾಸೆಟಮ್ ಎಂಬ ಹೊಸದನ್ನು ಬರೆದರು. ಮೊದಲ ಎರಡು ವಾರ ಇನ್ನೂರೈವತ್ತು ಎರಡು ಹೊತ್ತು, ಆಮೇಲೆ ಐನೂರು, ಆಮೇಲೆ ಏಳುನೂರೈವತ್ತು. ಏಳುವಾಗ ಹೇಳಿದರು, ‘ಸ್ವಲ್ಪ ಸಿಡುಕು ಬರಬಹುದು. ಬಂದರೆ ತಡ ಮಾಡದೆ ನನಗೆ ಹೇಳಬೇಕು.’ ಸಿಡುಕು ಎಂದರೆ ಏನು ಮಹಾ ಎಂದುಕೊಂಡೆ. ಬೋಟಿನ ಮೇಲೆ ನಾವು ದಿನಕ್ಕೆ ಹತ್ತು ಸಲ ಒಬ್ಬರಿಗೊಬ್ಬರು ಸಿಡುಕುವವರು.

ಜೂನ್ ಬಂತು. ಮಳೆಗಾಲಕ್ಕೆ ಮೀನುಗಾರಿಕೆ ನಿಂತು ಬೋಟು ದಡ ಏರಿತು, ನಾವು ಬಲೆ ಶೆಡ್ಡು ಸೇರಿದೆವು. ಮಳೆಗಾಲದ ಎರಡು ತಿಂಗಳು ಬಲೆ ರಿಪೇರಿಯ ಕೆಲಸ. ನೋಡದವರಿಗೆ ಅದು ಹೊಲಿಗೆಯ ಹಾಗೆ ಕಾಣುತ್ತದೆ, ಆದರೆ ಹರಿದ ಜಾಗವನ್ನು ಸುಮ್ಮನೆ ಕೂಡಿಸಿದರೆ ಬಲೆ ಸೆಳೆತಕ್ಕೆ ನಿಲ್ಲುವುದಿಲ್ಲ. ಮೊದಲು ಹರಿದ ಅಂಚನ್ನು ಇನ್ನಷ್ಟು ಕತ್ತರಿಸಬೇಕು, ಅರ್ಧ ಕಣ್ಣು ಎಲ್ಲೂ ಉಳಿಯಬಾರದು. ಆಮೇಲೆ ಒಂದು ಮೂಲೆಯ ಗಂಟಿನಿಂದ ಶುರು ಮಾಡಿ, ಕಣ್ಣಿಗೆ ಕಣ್ಣು ಅಳತೆ ಇಟ್ಟು ಹೆಣೆಯುತ್ತ ಹೋಗಬೇಕು. ಹೆಣೆಯುವ ಸೂಜಿ ಗೇಣುದ್ದದ್ದು, ಅದಕ್ಕೆ ನೈಲಾನ್ ನೂಲು ಬಿಗಿಯಾಗಿ ಸುತ್ತಿರಬೇಕು. ಆ ಸುತ್ತುವ ಕೆಲಸ ನನ್ನ ಮಗನದು. ಐದಾರು ಮಳೆಗಾಲದಿಂದ ಅವನೇ ಮಾಡುತ್ತಿದ್ದ. ಹತ್ತು ಸೂಜಿ ತುಂಬಿಸಿ ಸಾಲಾಗಿ ಇಟ್ಟು, ಎಣಿಸಿ, ನಮ್ಮ ತಾಂಡೇಲರ ಮುಖ ನೋಡುತ್ತಿದ್ದ. ತಾಂಡೇಲರೆಂದರೆ ಬೋಟಿನ ಯಜಮಾನಿಕೆ ನಡೆಸುವ ಹಿರಿಯರು. ಅವರು ‘ಸಮಾ ಆಯ್ತ್’ ಎಂದರೆ ಇವನ ಹಲ್ಲೆಲ್ಲ ಕಾಣುತ್ತಿತ್ತು. ವರ್ಷದಲ್ಲಿ ಆ ಎರಡು ತಿಂಗಳು ಅವನು ಮೂವತ್ತು ಜನರಲ್ಲಿ ಒಬ್ಬ.

ಫಿಟ್ಸ್ ಪೂರ್ತಿ ನಿಂತಿತ್ತು. ಇಡೀ ಜೂನ್ ಒಂದೂ ಇಲ್ಲ. ಹೆಂಡತಿ ದೇವರ ಮುಂದೆ ದೀಪಕ್ಕೆ ಎಣ್ಣೆ ಹೆಚ್ಚು ಹಾಕತೊಡಗಿದಳು.

‘ಬ್ಯಾಡ’ ಆಮೇಲೆ ದಿನಕ್ಕೆ ಇಪ್ಪತ್ತು ಸಲ ಬರತೊಡಗಿತು. ಸ್ನಾನ ಬ್ಯಾಡ, ಅಂಗಿ ಬ್ಯಾಡ, ನೀನೂ ಬ್ಯಾಡ. ಒಂದು ದಿನ ಗಂಜಿ ಬಿಸಿಯಿದೆಯೆಂದು ತಟ್ಟೆ ಎತ್ತಿ ಗೋಡೆಗೆ ಹೊಡೆದ. ಟಿ.ವಿ. ಸದ್ದು ಕಡಿಮೆ ಮಾಡಿದ್ದಕ್ಕೆ ರಿಮೋಟ್ ಮುರಿದ. ಸಿಟ್ಟು ಇಳಿದ ಮೇಲೆ ಮೂಲೆಯಲ್ಲಿ ಕೂತು ಒಂದು ಗಂಟೆ ಅಳುತ್ತಿದ್ದ. ಶೆಡ್ಡಿನಲ್ಲಿ ಈ ಸುದ್ದಿ ಹೇಳಿದರೆ ಎಲ್ಲರೂ ನಕ್ಕರು. ‘ಅಪ್ಪನ್ ಸಿಟ್ಟ್ ಈಗ ಬಂತ್ ಮಗಂಗೆ. ಲೇಟ್ ಆಯ್ತ್, ಅಷ್ಟೇ!’ ನಾನೂ ನಕ್ಕೆ. ರಕ್ತ ಎಲ್ಲಿಗೆ ಹೋಗುತ್ತದೆ ಎಂದು ಒಳಗೊಳಗೆ ಹೆಮ್ಮೆಯೂ ಆಯಿತು. ಡಾಕ್ಟರು ಹೇಳಿದ ಮಾತು ನೆನಪಾಗಬೇಕಿದ್ದ ಹೊತ್ತು ಅದು. ನೆನಪಾಗಲಿಲ್ಲ.

ಹೆಂಡತಿಯ ತೋಳಿನಲ್ಲಿ ನೀಲಿ ಗುರುತು ಕಂಡಾಗ ಕೇಳಿದೆ. ‘ಬಚ್ಲಂಗ್ ಜಾರ್ದೆ’ ಎಂದಳು. ಮಳೆಗಾಲದಲ್ಲಿ ಬಚ್ಚಲು ಜಾರುವುದು ಸಹಜವೇ. ಎರಡನೆಯ ಸಲವೂ ಬಚ್ಚಲೇ ಎಂದಾಗ ನಾನು ಅವಳ ಮುಖ ನೋಡಿದೆ, ಅವಳು ಒಲೆಯ ಕಡೆ ತಿರುಗಿಕೊಂಡಳು.

ಜುಲೈ ಮೊದಲ ವಾರ ಶೆಡ್ಡಿನಲ್ಲಿ ಅದು ನಡೆಯಿತು. ಬಲೆಯ ನಡುಭಾಗ ಹರಡಿಕೊಂಡು ಹತ್ತು ಜನ ಕೂತಿದ್ದೆವು. ಪಕ್ಕದಲ್ಲಿ ಕೂತಿದ್ದ, ಬೋಟಿನಲ್ಲಿ ಬಲೆ ಎಳೆಯುವ ವಿಂಚು ಯಂತ್ರ ನೋಡಿಕೊಳ್ಳುವ ಆಳು ಮಗ ತುಂಬಿಸಿದ ಒಂದು ಸೂಜಿ ಎತ್ತಿ ನೋಡಿ, ‘ಇದ್ ಸಡ್ಲ ಆಯ್ತ್ ಮಾರಾಯ, ಬಿಚ್ಚಿ ಸುತ್ತುವ’ ಎಂದು ನೂಲು ಬಿಚ್ಚತೊಡಗಿದ. ಬೈಗುಳವಲ್ಲ, ತಮಾಷೆಯೂ ಅಲ್ಲ, ಕೆಲಸದ ಮಾತು. ಮಗನ ಮುಖ ಕೆಂಪಾದದ್ದನ್ನು ನಾನು ಕಂಡೆ. ಏಳುವಷ್ಟರಲ್ಲಿ ಅವನು ನೂಲು ಕತ್ತರಿಸುವ ಚೂರಿ ತೆಗೆದುಕೊಂಡು ಬಲೆಯ ಮೇಲೆಯೇ ನಡೆದು ಹೋಗಿ ಎಳೆದೆಳೆದು ಕತ್ತರಿಸಿದ.

ನಮ್ಮಲ್ಲಿ ಹರಡಿದ ಬಲೆಯನ್ನು ಯಾರೂ ಚಪ್ಪಲಿ ಹಾಕಿಕೊಂಡು ದಾಟುವುದಿಲ್ಲ. ಗೊತ್ತಿಲ್ಲದೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಬಲೆಗೆ ಚೂರಿ ಹಾಕುವುದೆಂದರೆ ಅನ್ನದ ತಟ್ಟೆಗೆ ಉಗುಳಿದ ಹಾಗೆ. ಇಡೀ ಶೆಡ್ಡು ಎದ್ದು ನಿಂತಿತು. ನಾನು ಹಿಂದಿನಿಂದ ಹಿಡಿದುಕೊಂಡೆ, ಚೂರಿ ಕಸಿದೆ, ಅವನ ಮೊಣಕೈ ನನ್ನ ಬಾಯಿಗೆ ಬಿತ್ತು. ಐದು ನಿಮಿಷದಲ್ಲಿ ಎಲ್ಲ ಇಳಿಯಿತು. ಆಮೇಲೆ ಅವನು ಬಲೆಯ ಮುಂದೆ ಮಂಡಿಯೂರಿ ಕೂತು, ಕತ್ತರಿಸಿದ ಎಳೆಗಳನ್ನು ಎರಡೆರಡು ಕೂಡಿಸಿ ಗಂಟು ಹಾಕಲು ನೋಡಿದ. ಅವನಿಗೆ ಗಂಟು ಹಾಕಲು ಬರುವುದಿಲ್ಲ, ಸುತ್ತಲು ಮಾತ್ರ ಬರುತ್ತದೆ.

ಆರು ಮಾರು ಬಲೆ ಹೋಗಿತ್ತು. ತಾಂಡೇಲರು ಊದುಬತ್ತಿ ಹಚ್ಚಿ ಬಲೆಗೆ ತೋರಿಸಿ, ಕೈಮುಗಿದು, ನನ್ನನ್ನು ಹೊರಗೆ ಕರೆದರು.

‘ಬಲಿ ದೊಡ್ದಲ್ಲ ಮಾರಾಯ. ನಾಕ್ ದಿನ ಎಲ್ಲ ಕೂತ್ರೆ ಆತ್ತ್. ಆ ಚೂರಿ ಯಾರ್ ಹೊಟ್ಟಿಗಾರೂ ಹೋದ್ರೆ ಎಂತ ಮಾಡುದ್? ನೀನೇ ಹೇಳ್.’

ನಾನು ತುಟಿಯ ರಕ್ತ ಒರೆಸಿಕೊಂಡೆ.

‘ಅಂವ ಈಗ ಬಪ್ಪುದ್ ಬ್ಯಾಡ. ಸಮಾ ಆಗ್ಲಿ, ಮತ್ತ್ ಕಾಂಬ.’

ಅವರು ಹೇಳಿದ್ದು ಸರಿ. ಆದರೂ ಆ ಕ್ಷಣ ಅವರನ್ನು ದ್ವೇಷಿಸಿದೆ. ಮರುದಿನ ಬೆಳಿಗ್ಗೆ ಮಗ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದ. ‘ಅಪ್ಪಯ್ಯ, ಶೆಡ್ಡಿಗ್ ಹೋಪ.’

‘ಇವತ್ತ್ ಬ್ಯಾಡ ಮಗಾ.’

‘ನಾಳೆ?’

‘ಕಾಂಬ.’

ನಾನು ಅವನು ಹಾಳು ಮಾಡಿದ್ದನ್ನು ಹೆಣೆಯಲು ಹೋದೆ. ಅವನು ಮನೆಯಲ್ಲಿ ಉಳಿದ. ಮೂರನೆಯ ದಿನ ಅವನು ಶೆಡ್ಡಿಗೆ ಹೊರಟಾಗ ಅವನ ಅಬ್ಬಿ ಬಾಗಿಲಿಗೆ ಅಡ್ಡ ನಿಂತಳು. ಅವನು ತಳ್ಳಿದ. ಅವಳು ಜಗಲಿಯಿಂದ ಕೆಳಗೆ ಬಿದ್ದಳು, ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಕುಂದಾಪುರದಲ್ಲಿ ಪ್ಲಾಸ್ಟರ್ ಹಾಕುವಾಗ ಹೇಗಾಯಿತೆಂದು ನರ್ಸ್ ಕೇಳಿದರು. ‘ಬಚ್ಲಂಗ್ ಜಾರ್ದೆ’ ಎಂದಳು ನನ್ನ ಮುಂದೆಯೇ. ಮಗ ಬೆಂಚಿನ ಮೇಲೆ ಕೂತು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದ. ಅಂದಿನಿಂದ ಅವನು ಮನೆಯಲ್ಲೂ ಹಾಗೇ ಕೂರತೊಡಗಿದ.

ಆಗ ನನಗೆ ಡಾಕ್ಟರ ಮಾತು ನೆನಪಾಯಿತು. ಶನಿವಾರಕ್ಕೆ ಇನ್ನೂ ಎರಡು ದಿನವಿತ್ತು. ಮಧ್ಯಾಹ್ನ ಮಳೆ ಜೋರಾಗಿ ಶೆಡ್ಡಿನ ಕೆಲಸ ನಿಂತಿತು. ನೋಟುಬುಕ್ಕು ಉಪ್ಪು ನೀರು ತಾಗಿ ಪುಟಗಳು ಅಂಟಿಕೊಂಡಿದ್ದವು, ಅದನ್ನೇ ಚೆನ್ನಾಗಿ ಬರೆದುಕೊಂಡು ಹೋಗೋಣವೆಂದು ಹೊಸ ಹಾಳೆಯಲ್ಲಿ ತಿಂಗಳಿಗೊಂದು ಗೆರೆ ಹಾಕಿ, ಮೂರು ವರ್ಷದ ಫಿಟ್ಸನ್ನೆಲ್ಲ ಇಳಿಸತೊಡಗಿದೆ. ಈ ಜೂನ್ ಖಾಲಿ. ಅದು ಹೊಸ ಗುಳಿಗೆಯ ಗುಣ. ಹಿಂದಿನ ವರ್ಷದ ಜೂನ್, ಜುಲೈ ಕೂಡ ಖಾಲಿ. ಅದರ ಹಿಂದಿನ ವರ್ಷದ್ದೂ ಖಾಲಿ. ಆಗ ಹೊಸ ಗುಳಿಗೆ ಎಲ್ಲಿತ್ತು?

ಮಳೆಗಾಲದ ತಂಪು ಅವನ ಮೈಗೆ ಹಿಡಿಸುತ್ತದೆಯೇನೋ ಎಂದುಕೊಂಡು ಮುಂದೆ ಬರೆದೆ. ಆದರೆ ತಾರೀಕುಗಳು ಬರೀ ತಾರೀಕುಗಳಾಗಿ ಕಾಣಲಿಲ್ಲ. ಕಡಲಿಗೆ ಹೋಗುವವನಿಗೆ ಪ್ರತಿಯೊಂದು ದಿನಕ್ಕೂ ಒಂದು ಗುರುತು ಇರುತ್ತದೆ. ಇದು ಭಟ್ಕಳದ ಆಚೆ ಇಂಜಿನ್ ಕೈಕೊಟ್ಟು, ಬೇರೆ ಬೋಟು ಎಳೆದು ತಂದ ದಿನದ ಮಾರನೆಯ ದಿನ. ಇದು ಬಂಗುಡೆ ಎಂದೂ ಕಾಣದಷ್ಟು ಬಿದ್ದು, ಖಾಲಿ ಮಾಡುವಾಗಲೇ ಬೆಳಗಾಗಿತ್ತಲ್ಲ, ಅದರ ಮಾರನೆಯ ದಿನ. ಮಗ ದಕ್ಕೆಯಲ್ಲಿ ಬಿದ್ದು ಗಲ್ಲ ಒಡೆದುಕೊಂಡದ್ದು ಅಂದೇ. ನಮ್ಮ ಬೋಟಿನ ಒಳ್ಳೆಯ ದಿನಗಳೂ ಕೆಟ್ಟ ದಿನಗಳೂ ಸೇರಿ, ನಾನು ತಡವಾಗಿ ಬಂದ ಒಂದೊಂದು ದಿನದ ಬೆನ್ನಿಗೂ ಒಂದು ಫಿಟ್ಸ್ ಇತ್ತು.

ಹೆಂಡತಿಯನ್ನು ಕರೆದೆ. ‘ಬಂಗುಡಿ ಬಿದ್ ದಿನ ನೆನ್ಪಿತ್ತಾ? ಆ ದಿನ ಇಂವ ಎಷ್ಟೊತ್ತಿಗ್ ಉಂಡದ್?’

‘ನೀವ್ ಬಂದ್ಮೇಲೇ ಅಲ್ದಾ? ನೀವ್ ಬಾರ್ದೆ ಅಂವ ಉಂಬುದುಂಟಾ?’

‘ಆ ದಿನ ನಾ ಬಂದದ್ ಬೆಳಿಗ್ಗೆ.’

‘ಹಾಂಗಾರ್ ಉಣ್ಲಿಲ್ಲೆ. ಬೋಟ್ ಬಾರದ್ ದಿನ ಅಂವ ಹಾಂಗೇ ಮನಿಕಂತ. ನಾನೂ ಹಾಂಗೇ.’

‘ಗುಳ್ಗಿ?’

ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಊಟ ಆದ್ಮೇಲೆ ಕೊಡಿ ಅಂದ್ರಲೆ ಡಾಕ್ಟ್ರ್. ಖಾಲಿ ಹೊಟ್ಟಿಗ್ ಉಷ್ಣ ಆತ್ತಲ್ದಾ? ಉಣ್ದೆ ಹ್ಯಾಂಗ್ ಕೊಡುದ್?’

ಒಳಗೆ ಹೋಗಿ ಎಡಗೈಯಲ್ಲಿ ಒಂದು ಬಿಸ್ಕಿಟ್ ಡಬ್ಬಿ ತಂದು ಕೊಟ್ಟಳು. ಅದರ ತುಂಬ ಗುಳಿಗೆ. ಊಟವಿಲ್ಲದ ರಾತ್ರಿಗಳ ಗುಳಿಗೆಗಳನ್ನೆಲ್ಲ ಎಸೆಯದೆ ಜೋಪಾನವಾಗಿ ಇಟ್ಟಿದ್ದಳು, ಮುಂದೆ ಎಂದಾದರೂ ಕಡಿಮೆ ಬಿದ್ದರೆ ಇರಲಿ ಎಂದು.

ನಾನು ಅವಳ ಮೇಲೆ ಕೂಗಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಪ್ಲಾಸ್ಟರಿನ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನಿಂತೇ ಇದ್ದಳು. ನನ್ನ ಕೂಗು ಮುಗಿದ ಮೇಲೆ ಒಂದೇ ಮಾತು ಹೇಳಿದಳು, ‘ಈ ಮನಿಗ್ ಬಂದ್ ಮೊದಲ್ನೆ ದಿನ ನಿಮ್ಮಬ್ಬಿ ನಂಗ್ ಹೇಳ್ಕೊಟ್ಟದ್ದ್ ಇದೇ.’

ನಿಜ. ನನ್ನ ಅಬ್ಬಿ ಕಲಿಸಿದ್ದು, ಅವಳಿಗೆ ಅವಳ ಅತ್ತೆ ಕಲಿಸಿದ್ದು. ಗಂಡಸು ಕಡಲಲ್ಲಿರುವಾಗ ಮನೆಯಲ್ಲಿ ರಾತ್ರಿಯೂಟಕ್ಕೆ ಕೂರುವುದಿಲ್ಲ. ಕೂತರೆ ಅವನು ಬರುವುದಿಲ್ಲ ಎಂದು ನಾವೇ ಒಪ್ಪಿಕೊಂಡ ಹಾಗೆ. ಚಿಕ್ಕಂದಿನಲ್ಲಿ ನಾನೂ ನನ್ನ ಅಪ್ಪಯ್ಯನಿಗಾಗಿ ಹಸಿದು ಮಲಗಿದ್ದೇನೆ. ದೊಡ್ಡವನಾದ ಮೇಲೆ, ಬಂದರಿನಿಂದ ಮನೆಗೆ ನಡೆಯುವಾಗ, ಎಷ್ಟು ಹೊತ್ತಾದರೂ ನನಗಾಗಿ ಇಬ್ಬರು ಕಾಯುತ್ತಿದ್ದಾರೆ ಎನ್ನುವುದೇ ನನ್ನ ಸುಖವಾಗಿತ್ತು. ಮೈಯೆಲ್ಲ ಮೀನು ವಾಸನೆ ಇಟ್ಟುಕೊಂಡು ಬಂದವನ ಮಗ್ಗುಲಲ್ಲಿ ಕೂತು ನನ್ನ ಮಗ ಮೊದಲ ತುತ್ತು ಎತ್ತುತ್ತಿದ್ದ. ಆ ಸುಖಕ್ಕಾಗಿ ಅವನು ಗುಳಿಗೆಯಿಲ್ಲದೆ ಬೀಳುತ್ತಿದ್ದನೆಂದು ನನಗೆ ಗೊತ್ತಿರಲಿಲ್ಲ.

ಶನಿವಾರ ಮೂವರೂ ಬ್ರಹ್ಮಾವರಕ್ಕೆ ಹೋದೆವು. ಹಾಳೆ, ಡಬ್ಬಿ, ಎರಡನ್ನೂ ಡಾಕ್ಟರ ಮುಂದೆ ಇಟ್ಟು ಎಲ್ಲ ಹೇಳಿದೆ. ಬಲೆ ಕತ್ತರಿಸಿದ್ದನ್ನೂ ಹೇಳಿದೆ. ಹೆಂಡತಿಯ ಕೈ ತೋರಿಸಿ, ಬಚ್ಚಲಲ್ಲ ಎಂದೆ. ಡಾಕ್ಟರು ಹಾಳೆಯನ್ನು ಬಹಳ ಹೊತ್ತು ನೋಡಿದರು. ‘ಊಟದ ನಂತರ ಎಂದು ಬರೆದೆ. ಊಟ ಎಷ್ಟು ಗಂಟೆಗೆ ಎಂದು ಕೇಳಲಿಲ್ಲ’ ಎಂದು ತಮಗೇ ಹೇಳಿಕೊಂಡರು. ನಾನು ಬೈಯಬೇಕೆಂದು ಹೋದವನಲ್ಲ, ಹೋಗಿದ್ದರೂ ಆ ಮಾತಿನ ಮೇಲೆ ಬಾಯಿ ಬರುತ್ತಿರಲಿಲ್ಲ.

ಅವರು ಎರಡು ದಾರಿ ಹೇಳಿದರು. ಹೊಸ ಗುಳಿಗೆ ಇರಲಿ, ಸಿಟ್ಟಿಗೆ ಮೂರನೆಯದೊಂದು ಸೇರಿಸಬಹುದು, ಫಿಟ್ಸ್ ಹತೋಟಿಯಲ್ಲಿರುತ್ತದೆ, ಹುಡುಗ ಸ್ವಲ್ಪ ಮಂಕಾಗಬಹುದು. ಇಲ್ಲವೇ ಹೊಸದನ್ನು ಮೆಲ್ಲಗೆ ಇಳಿಸಿ ನಿಲ್ಲಿಸುವುದು, ಹಳೆಯದನ್ನು ಗಡಿಯಾರ ನೋಡಿ ಕೊಡುವುದು. ‘ಆದರೆ ಫಿಟ್ಸ್ ಪೂರ್ತಿ ನಿಲ್ಲುತ್ತದೆ ಎಂದು ನಾನು ಮಾತು ಕೊಡಲಾರೆ. ನಿಮ್ಮ ಹಾಳೆಯಲ್ಲೇ ನೋಡಿ, ಸರಿಯಾಗಿ ಗುಳಿಗೆ ಹೋದ ದಿನಗಳಲ್ಲೂ ಮೂರ್ನಾಲ್ಕು ಇವೆ. ಬಿದ್ದರೆ ಎಲ್ಲಿ ಬೀಳುತ್ತಾನೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ನೀವು ನೀರಿನ ಹತ್ತಿರ ಇರುವವರು.’

ನಾನು ಬಾಯಿ ತೆರೆಯುವ ಮೊದಲು ಅವರು ಮಗನ ಕಡೆ ತಿರುಗಿದರು. ‘ನಿನಗೆ ಯಾವುದು ಬೇಕು? ಆ ಗುಳಿಗೆ ಬೇಕಾ, ಬೇಡವಾ?’ ಇವನಿಗೇನು ತಿಳಿಯುತ್ತದೆಂದು ಇವರು ಕೇಳುತ್ತಿದ್ದಾರೆ ಎಂದು ನನಗೆ ಒಳಗೆ ರೇಗಿತು. ಇಪ್ಪತ್ನಾಲ್ಕು ವರ್ಷದಲ್ಲಿ ನಾನು ಒಂದು ಸಲವೂ ಅವನನ್ನು ಕೇಳಿರಲಿಲ್ಲ.

ಅವನ ಕೈ ತೊಡೆಯ ಕೆಳಗೇ ಇತ್ತು. ಮಾತು ಹೊರಡಲು ಎಂದಿನಂತೆ ತಡವಾಯಿತು.

‘ಬಿದ್ರೆ ನಂಗ್ ಗೊತ್ತಾತಿಲ್ಲೆ’ ಎಂದ. ‘ಅಬ್ಬಿಗ್ ಹೊಡುದ್ ಗೊತ್ತಾತ್ತ್.’

ಹೆಂಡತಿ ಸೆರಗನ್ನು ಪ್ಲಾಸ್ಟರಿನ ಮೇಲೆ ಎಳೆದುಕೊಂಡಳು. ನಾನು ಅಲ್ಲಿಯೇ, ಡಾಕ್ಟರ ಮುಂದೆ, ಅತ್ತೆ. ಅಪ್ಪಯ್ಯ ಸತ್ತಾಗಲೂ ನಾಲ್ಕು ಜನರ ಮುಂದೆ ಅತ್ತವನಲ್ಲ. ಡಾಕ್ಟರು ಚೀಟಿಯ ಮೇಲೆ ಇಳಿಸುವ ಲೆಕ್ಕ ಬರೆದರು: ಎರಡು ವಾರಕ್ಕೊಮ್ಮೆ ಇನ್ನೂರೈವತ್ತು ಕಡಿಮೆ, ಆರು ವಾರಕ್ಕೆ ಪೂರ್ತಿ ನಿಲ್ಲಬೇಕು. ಒಮ್ಮೆಲೇ ಬಿಟ್ಟರೆ ಅಪಾಯ. ಹಳೆಯದು ಬೆಳಿಗ್ಗೆ ಎಂಟು, ರಾತ್ರಿ ಎಂಟು. ‘ಊಟದ ನಂತರ’ ಎಂದು ಮೊದಲು ಬರೆದದ್ದರ ಮೇಲೆ ಗೆರೆ ಎಳೆದರು.

ಮೊದಲ ಇಳಿಕೆಯಲ್ಲಿ ಏನೂ ಗೊತ್ತಾಗಲಿಲ್ಲ. ಎರಡನೆಯದಾದ ಮೇಲೆ ಒಂದು ಬೆಳಿಗ್ಗೆ ಅವನು ಅಬ್ಬಿಯ ಎಡಗೈಗೆ ಲೋಟ ಎತ್ತಿ ಕೊಟ್ಟ. ಕೊಡಲು ತೊಡೆಯ ಕೆಳಗಿಂದ ಕೈ ತೆಗೆಯಬೇಕಾಯಿತು. ಅಷ್ಟರಲ್ಲಿ ನೂಲ ಹುಣ್ಣಿಮೆ ಬಂತು, ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದೆವು, ಬೋಟು ನೀರಿಗಿಳಿಯಿತು. ನಾನೂ ಹೋದೆ.

ಗಡಿಯಾರದ ಮಾತು ಡಾಕ್ಟರ ಚೀಟಿಯಲ್ಲಿ ಸುಲಭ. ಮನೆಯಲ್ಲಿ ಎಂಟು ಗಂಟೆಗೆ ಅಲಾರಾಂ ಹೊಡೆದರೆ ಅವನು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ. ‘ಅಪ್ಪಯ್ಯ ಬರ್ಲಿ.’ ಬರೀ ಗುಳಿಗೆ ಕೊಟ್ಟರೂ ಬಾಯಿ ಬಿಗಿ ಹಿಡಿಯುತ್ತಿದ್ದ. ಬಾಳೆಹಣ್ಣಿನ ಒಳಗಿಟ್ಟು ಕೊಟ್ಟರೆ ಹಣ್ಣು ತಿಂದು ಗುಳಿಗೆಯನ್ನು ಅಂಗೈಗೆ ಉಗುಳುತ್ತಿದ್ದ. ಅಬ್ಬಿ ಎಷ್ಟು ಬೇಡಿದರೂ ಅವನಿಗೆ ತಿಳಿದದ್ದು ಇಷ್ಟೇ: ತಾನು ಉಂಡರೆ ಅಪ್ಪಯ್ಯ ಬರುವುದಿಲ್ಲ. ಅದನ್ನು ನಾವೇ ಕಲಿಸಿದ್ದೆವು, ಅವನು ಜೀವಮಾನದಲ್ಲಿ ಪೂರ್ತಿಯಾಗಿ ಕಲಿತ ಕೆಲವೇ ಪಾಠಗಳಲ್ಲಿ ಅದೊಂದು.

ಎರಡನೆಯ ವಾರ, ಬೋಟು ತಡವಾದ ಒಂದು ಸಂಜೆ, ಹೆಂಡತಿ ಸೋತು ಸುಳ್ಳು ಹೇಳಿದಳು. ‘ಬೋಟ್ ಬಂತ್ ಮಗಾ, ಅಪ್ಪಯ್ಯ ದಕ್ಕಿಯಂಗ್ ಇದ್ರ್. ಈಗ ಉಣ್.’ ಅವನು ಉಣ್ಣಲಿಲ್ಲ, ಅಪ್ಪಯ್ಯನನ್ನು ಕರೆತರಲು ದಕ್ಕೆಗೆ ಓಡಿದ. ನಮ್ಮ ಬೋಟು ಇರಲಿಲ್ಲ. ಅಲ್ಲೇ ಅಂಚಿನಲ್ಲಿ ನಿಂತು ಕಾದ. ಆ ರಾತ್ರಿ ಅವನಿಗೆ ಸಿಕ್ಕಿದ ಗುಳಿಗೆ ಹನ್ನೊಂದು ಗಂಟೆಗೆ. ಮರುದಿನ ಬೆಳಿಗ್ಗೆ ಮತ್ತೆ ನನ್ನನ್ನು ಕಾಯಲು ಹೋಗಿ ನಿಂತಿದ್ದಾಗ ಅದೇ ಜಾಗದಲ್ಲಿ ಅವನಿಗೆ ಫಿಟ್ಸ್ ಬಂತು. ಐಸ್ ತುಂಬುವ ಒಬ್ಬರು ಅಂಗಿಯ ಕಾಲರ್ ಹಿಡಿದು ಎಳೆದದ್ದರಿಂದ ನೀರಿಗೆ ಬೀಳಲಿಲ್ಲ. ನಾನು ಆಗ ದಡದಿಂದ ಎಷ್ಟೋ ದೂರದಲ್ಲಿ ಬಲೆ ಎಳೆಯುತ್ತಿದ್ದೆ.

ಮೂರು ದಿನ ಯೋಚಿಸಿದೆ. ಅವನಿಗೆ ಹೊಸ ಪಾಠ ಕಲಿಸಲು ವರ್ಷಗಳು ಬೇಕು, ಅಷ್ಟರಲ್ಲಿ ಕಡಲು ಕಾಯುವುದಿಲ್ಲ. ನಾಲ್ಕನೆಯ ದಿನ ತಾಂಡೇಲರ ಮನೆಗೆ ಹೋಗಿ, ನಾಳೆಯಿಂದ ಬೋಟಿಗೆ ಬರುವುದಿಲ್ಲ ಎಂದೆ. ಯಾಕೆ ಎಂದು ಹೇಳಿದೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ಕೈ ನಿಲ್ಲಿಸಿದರು.

‘ಕಡ್ಲ್ ಬಿಟ್ಟ್ ನೀ ಎಂತ ಮಾಡ್ತೆ?’

‘ಬಲಿ ಹೆಣಿತೆ. ಐಸ್ ಹೊರ್ತೆ. ಎಂತಾರೂ.’

‘ಶೆಡ್ಡಿನ್ ಬೀಗ ನೀನೇ ಇಟ್ಕೊ’ ಎಂದರು. ‘ಗುಳ್ಗಿ ಪೂರಾ ಬಿಟ್ಟ್ಮೇಲೆ ಮಗನ್ನೂ ಕರ್ಕಂಬಾ.’

ನಾನು ಮನೆಯಲ್ಲೇ ಉಳಿದ ಮೊದಲ ಸಂಜೆ, ನಾವಿಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು. ಬೋಟುಗಳು ಅಳಿವೆ ದಾಟಿ ಬರತೊಡಗಿದವು. ಒಂದು ಸದ್ದಿಗೆ ಅವನು ಎದ್ದು ನಿಂತ. ‘ಅಪ್ಪಯ್ಯಂದ್’ ಎಂದು ದಾರಿಯ ಕಡೆ ಎರಡು ಹೆಜ್ಜೆ ಹೋಗಿ, ತಿರುಗಿ ನನ್ನನ್ನು ನೋಡಿದ. ಮತ್ತೆ ಬೋಟಿನ ಕಡೆ ನೋಡಿದ. ನಾನು ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಎಂಟಕ್ಕೆ ಮೊದಲೇ ಉಂಡೆವು. ನಾನು ಮನೆಯಲ್ಲಿದ್ದೆ, ನಮ್ಮ ಬೋಟಿನ ಉಳಿದ ಇಪ್ಪತ್ತೊಂಬತ್ತು ಜನ ಇನ್ನೂ ದಕ್ಕೆಯಲ್ಲಿ ಮೀನು ಇಳಿಸುತ್ತಿದ್ದರು, ಅವರ ಮನೆಗಳಲ್ಲಿ ಇನ್ನೂ ಯಾರೂ ಉಂಡಿರಲಿಲ್ಲ.

ಆಗಸ್ಟ್ ಕೊನೆಗೆ ಹೊಸ ಗುಳಿಗೆ ಪೂರ್ತಿ ನಿಂತಿತು. ಸೆಪ್ಟೆಂಬರಿನಲ್ಲಿ ಮಗ ಶೆಡ್ಡಿಗೆ ಬಂದ. ಚೂರಿಯನ್ನು ನಾನು ಸೊಂಟಕ್ಕೆ ಕಟ್ಟಿಕೊಂಡಿರುತ್ತಿದ್ದೆ, ಆದರೆ ಅದರ ಅಗತ್ಯ ಬೀಳಲಿಲ್ಲ. ಸೂಜಿ ಸಡಿಲವಾಗಿದೆ ಎಂದರೆ ತಾನೇ ಬಿಚ್ಚಿ ಸುತ್ತುತ್ತಿದ್ದ. ‘ಬ್ಯಾಡ’ ಎನ್ನುವುದನ್ನೂ ಬಿಟ್ಟುಬಿಟ್ಟ. ಅದೊಂದು ಉಳಿಯಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಎರಡು ತಿಂಗಳು ಫಿಟ್ಸ್ ಇರಲಿಲ್ಲ. ಎಂಟು, ಎಂಟು, ಒಂದು ದಿನವೂ ತಪ್ಪಿಸದೆ ಗುಳಿಗೆ ಕೊಟ್ಟೆವು. ನಾನು ಆಸೆ ಇಟ್ಟುಕೊಳ್ಳತೊಡಗಿದ್ದೆ. ನವೆಂಬರಿನ ಒಂದು ಬೆಳಿಗ್ಗೆ ಮನೆಯಂಗಳದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಒಂದು ಕೂಗು ಕೇಳಿತು, ಆಮೇಲೆ ಬಿದ್ದ ಸದ್ದು. ಹಣೆ ಕಲ್ಲಿನ ಅಂಚಿಗೆ ಬಡಿದಿತ್ತು. ಮಗ್ಗುಲಿಗೆ ತಿರುಗಿಸಿ, ತಲೆಯ ಕೆಳಗೆ ನನ್ನ ಲುಂಗಿ ಮಡಿಸಿ ಇಟ್ಟೆ. ಅವನ ಅಬ್ಬಿ ಪಕ್ಕದಲ್ಲಿ ಕೂತು ಸೆರಗಿನಿಂದ ಗಾಯ ಒತ್ತಿ ಹಿಡಿದಳು. ಮೂರು ನಿಮಿಷ. ಆಮೇಲೆ ಅಲ್ಲೇ ನೆಲದ ಮೇಲೆ ಇಪ್ಪತ್ತು ನಿಮಿಷ ನಿದ್ದೆ. ತುಟಿ ಕಚ್ಚಿಕೊಂಡು ಹಲ್ಲೆಲ್ಲ ರಕ್ತವಾಗಿತ್ತು. ನಾನು ಒಪ್ಪಿಕೊಂಡ ಆಯ್ಕೆಯನ್ನು ನೋಡುತ್ತ ಕೂತಿದ್ದೆ.

ಅವನು ಕಣ್ಣು ಬಿಟ್ಟ. ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತನ್ನ ಮೇಲೆ ಬಾಗಿದ್ದ ಅಬ್ಬಿಯ ಮುಖ ಕಂಡಿತು, ಅವಳ ಸೆರಗಿನ ರಕ್ತ ಕಂಡಿತು. ಅವನು ಬೆಚ್ಚಿಬಿದ್ದು ಏಳಲು ನೋಡಿದ.

‘ಅಬ್ಬಿ, ನಾ ಹೊಡುದ್ನಾ?’

‘ಇಲ್ಲೆ ಮಗಾ. ನೀ ಬಿದ್ದದ್ ಮಾತ್ರ. ಇದ್ ನಿಂದೇ ರಕ್ತ.’

‘ಹಾಂಗಾರ್ ಅಡ್ಡಿಲ್ಲೆ’ ಎಂದು ಅವನು ಮತ್ತೆ ತಲೆ ಕೆಳಗಿಟ್ಟ. ಆ ಗಾಯಕ್ಕೆ ಕುಂದಾಪುರದಲ್ಲಿ ಐದು ಹೊಲಿಗೆ ಹಾಕಿದರು. ಅಂದಿನಿಂದ ಇಂದಿನವರೆಗೆ ಪ್ರತಿ ಸಲ ಬಿದ್ದು ಎದ್ದಾಗಲೂ ಅವನು ಮೊದಲು ಕೇಳುವುದು ಅದನ್ನೇ.